ನನ್ನ ನೊರೆಗೂಡು, ಅನಸೂಯಾಳ ಸೌಟು

ನಾನು ಫೈಟರ್ ಮೀನು. ಹುಟ್ಟಿದ್ದು ಒಂದು ಸಿಮೆಂಟ್ ತೊಟ್ಟಿಯಲ್ಲಿ, ನೀರಿನ ಮೇಲೆ ತೇಲುವ ನೊರೆಯೊಳಗೆ. ಆ ನೊರೆ ಕೊಳೆಯಲ್ಲ, ಗೂಡು. ನಮ್ಮಲ್ಲಿ ಗಂಡು ಮೇಲೆ ಬಂದು ಗಾಳಿ ಗುಟುಕರಿಸಿ, ಎಂಜಲು ಬೆರೆಸಿ, ಗುಳ್ಳೆಗೆ ಗುಳ್ಳೆ ಅಂಟಿಸಿ ಅದನ್ನು ಕಟ್ಟುತ್ತಾನೆ. ಮೊಟ್ಟೆ, ಮರಿ ಕಾಯುವವನೂ ಅವನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಾನು ಸೇರಿದ ಹುಬ್ಬಳ್ಳಿಯ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಅಂಗಡಿಯ ಪ್ಲಾಸ್ಟಿಕ್ ಲೋಟದಲ್ಲಿ ತಿರುಗಲೂ ಜಾಗವಿಲ್ಲದೆ ದಿನ ದೂಡುತ್ತಿದ್ದ ನನ್ನನ್ನು ಕೊಂಡವಳು ಅನಸೂಯಾ, ಕಾಲೇಜು ಹಾಸ್ಟೆಲ್ಲಿನ ಅಡುಗೆಯವಳು. ಅವಳ ಅತ್ತೆ ತಂಗೆವ್ವ ಕನ್ನಡಕ ಏರಿಸಿಕೊಂಡು ನನ್ನ ಉದ್ದನೆಯ ಕೆಂಪು ಬಾಲ ನೋಡಿದಳು.

“ಸೆರಗ ಬಿಟ್ಕೊಂಡು ಹೆಂಗ ಅಡ್ಡಾಡತಾಳ ನೋಡ! ಹೆಣ್ಣ ಇದು. ಗೌರಿ ಅಂತ ಕರೀರಿ.”

ನಮ್ಮಲ್ಲಿ ಸೆರಗು ಗಂಡಿನದು. ಹೇಳುವುದು ಯಾರಿಗೆ? ಗೌರಿಯಾದೆ.

ಗಾಜಿನ ತೊಟ್ಟಿ ನನಗೆ ಹಿಡಿಸಿತು. ಇಡೀ ಸೀಮೆ ನನ್ನದೇ. ಒಂದು ಮೂಲೆ ಆರಿಸಿ ಗೂಡು ಕಟ್ಟಿದೆ. ಸಂಜೆ ಅನಸೂಯಾ ಬಂದು ಸೌಟಿನಿಂದ ಎತ್ತಿ ಚೆಲ್ಲಿದಳು. ಹಾಸ್ಟೆಲ್ಲಿನಲ್ಲಿ ಬೇಳೆ ಕುದಿಯುವಾಗ ಮೇಲೇಳುವ ನೊರೆ ತೆಗೆದು ತೆಗೆದು ಆ ಕೈಗೆ ಅದೇ ರೂಢಿ. ಮತ್ತೆ ಕಟ್ಟಿದೆ. ಮತ್ತೆ ಚೆಲ್ಲಿದಳು.

“ಎಷ್ಟ ತೆಗದರೂ ಬರತೈತಲ್ಲ ಈ ಹೊಲಸು!”

ಎಷ್ಟು ಕಟ್ಟಿದರೂ ತೆಗೆಯುತ್ತೀಯಲ್ಲ, ತಾಯಿ!

ಅಷ್ಟರಲ್ಲಿ ತಂಗೆವ್ವನಿಗೆ ನನ್ನ ಮದುವೆಯ ಚಿಂತೆ ಹತ್ತಿತು. “ಒಂಟಿ ಹೆಣ್ಣಮಗಳು, ಒಂದ ವರಾ ನೋಡಬಾರದೇನು?” ಮೋಟು ಬಾಲದ, ಮಾಸಲು ಬಣ್ಣದ ಒಂದು ಮೀನು ಬಂತು. ಅದಕ್ಕೆ ಶಂಕ್ರಪ್ಪ ಎಂದು ಹೆಸರಿಟ್ಟರು. ಶಂಕ್ರಪ್ಪನ ಹೊಟ್ಟೆ ತುಂಬ ಮೊಟ್ಟೆ.

ಶಂಕ್ರಪ್ಪ ಉದುರಿಸಿದ ಮೊಟ್ಟೆಗಳನ್ನು ಒಂದೊಂದಾಗಿ ಬಾಯಲ್ಲಿ ಹೆಕ್ಕಿ, ಮತ್ತೆ ಕಟ್ಟಿದ ಗೂಡಿಗೆ ಅಂಟಿಸಿದೆ. ತಾಯಿ ಅಲ್ಲೇ ಉಳಿದರೆ ತಿಂದುಬಿಡುತ್ತಾಳೆ. ಅದಕ್ಕೇ ಶಂಕ್ರಪ್ಪನನ್ನು ಅಟ್ಟಿಸಿಕೊಂಡು ಹೋದೆ.

“ಅಯ್ಯಯ್ಯ, ಗಂಡನ್ನ ಬೆನ್ನಹತ್ತಿ ಹೊಡ್ಯಾಕತ್ತಾಳಲ್ಲ! ಎಂಥಾ ಗಯ್ಯಾಳಿನ್ನ ತಂದೀ ಅನಸೂಯಾ!” ಎಂದು ತಂಗೆವ್ವ ಶಂಕ್ರಪ್ಪನನ್ನು ಬಕೆಟ್ಟಿಗೆ ಸಾಗಿಸಿದಳು. ಆ ಮನೆಯವರು ನನಗೆ ಮಾಡಿದ ಮೊದಲ ಉಪಕಾರ, ಅದೂ ತಿಳಿಯದೆ.

ಮರುದಿನ ಸಂಜೆ ಸೌಟು ಇಳಿಯಿತು. ಈ ಸಲ ನೊರೆಯ ತುಂಬ ನನ್ನ ಮಕ್ಕಳು. ಬಾಲ ಬಡಿದೆ, ಅಂಚು ಕಚ್ಚಿದೆ. ಸೌಟಿಗೇನು ನೋವು? ಕೊನೆಗೆ ಅದರೊಳಕ್ಕೇ ಹಾರಿ ಬಿದ್ದೆ.

“ಇದಕ್ಕೇನ ಹುಚ್ಚ ಹಿಡದೈತೇನು!” ಅನಸೂಯಾ ಸೌಟನ್ನು ಕಣ್ಣಿನ ಹತ್ತಿರ ತಂದಳು. ನೊರೆಯಲ್ಲಿ ರವೆಯಂಥ ಕಾಳು, ಒಂದೆರಡಕ್ಕೆ ಆಗಲೇ ಬಾಲ. ಉಸಿರು ಬಿಗಿಹಿಡಿದು ಸೌಟನ್ನು ಹಾಗೆಯೇ ನೀರಿಗೆ ಇಳಿಸಿದಳು. ಅಂಗಡಿಯವನಿಗೆ ಫೋನು ಮಾಡಿದಳು. ಆಮೇಲೆ ಪೇಪರಿನ ಹಿಂದೆ ಕೂತಿದ್ದ ಗಂಡ ವೀರೇಶನತ್ತ ತಿರುಗಿದಳು.

“ಕೇಳಿದ್ರೇನ್ರೀ? ಗೌರಿ ಗಂಡಂತ. ಊಟಾ ನಿದ್ದಿ ಬಿಟ್ಟು ಮರೀ ಕಾಯತಾನಂತ.”

“ಅವಗೇನು, ನೀರಾಗ ಬಿದ್ದಿರತಾನ. ನನ್ನಂಗ ದುಡ್ಯಾಕ ಹೋಗಬೇಕೇನು?” ಎಂದ ವೀರೇಶ. ಆಮೇಲೆ ನನ್ನನ್ನು ಅವನು ನೆಟ್ಟಗೆ ನೋಡಿದ್ದೇ ಇಲ್ಲ.

ದುಡಿಮೆಯಂತೆ! ಮರಿ ಜಾರಿ ತಳಕ್ಕೆ ಬೀಳುತ್ತಿತ್ತು. ಬಾಯಲ್ಲಿ ಎತ್ತಿ ತಂದು ಗೂಡಿಗೆ ಉಗುಳುವಷ್ಟರಲ್ಲಿ ಇನ್ನೆರಡು ಜಾರುತ್ತಿದ್ದವು. ಅದರಲ್ಲೂ ಒಬ್ಬನಂತೂ ಬೀಳುವುದಕ್ಕೇ ಹುಟ್ಟಿದವನು.

ಈಗ ಮುದುಕನಾಗಿದ್ದೇನೆ. ಸೆರಗು ಚಿಂದಿಯಾಗಿದೆ. ಮಕ್ಕಳೆಲ್ಲ ಊರವರ ಪಾಲಾದರು. ಆ ಬೀಳುವವನೊಬ್ಬ ಉಳಿದ, ಪಕ್ಕದ ಜಾಡಿಯಲ್ಲಿದ್ದಾನೆ. ಅವನು ಗಾಜಿನ ಬಳಿ ಸುಳಿದರೆ ಸಾಕು, ನನ್ನ ಕಿವಿರು ಅರಳುತ್ತದೆ, ಮೈ ಸೆಟೆಯುತ್ತದೆ. ಅವನದೂ ಅದೇ ಕಥೆ.

“ಬಾಯಾಗ ಇಟ್ಕೊಂಡು ಬೆಳಸಿದ ಮಗಾನ್ನ ಹಿಂಗ ನೋಡೂದೇನೋ?” ಎಂದು ತಂಗೆವ್ವ ಗದರುತ್ತಾಳೆ.

ಗೊತ್ತು, ಮುದುಕಿ. ಏನು ಮಾಡಲಿ, ಜಾತಿಯೇ ಹಾಗೆ. ಅನಸೂಯಾ ನಮ್ಮಿಬ್ಬರ ನಡುವೆ ಹಳೆಯ ಕ್ಯಾಲೆಂಡರ್ ಹಾಳೆ ನಿಲ್ಲಿಸಿದ್ದಾಳೆ. ಫ್ಯಾನಿನ ಗಾಳಿಗೆ ಅದು ಸರಿದಾಗ ಅವನು ಗಾಳಿ ಗುಟುಕರಿಸಲು ನೀರಿನ ಮೇಲಕ್ಕೆ ಏರುವುದು ಕಾಣುತ್ತದೆ. ತಲುಪುವವರೆಗೆ ಕಾದು ನೋಡುತ್ತೇನೆ. ತಲುಪಿದ ಮೇಲೆ ಕಿವಿರು ಅರಳಿಸಿ ಜಗಳಕ್ಕೆ ನಿಲ್ಲುತ್ತೇನೆ.