ಆರ್ಡಿಸ್ ಹಾಕುತ್ತಿದ್ದ ಒಂದು ಓಟು

ನಮ್ಮ ಹಾರ್ಲೋ ಮಿಲ್ಸ್‌ನಲ್ಲಿ ನನ್ನಷ್ಟು ಸಲ ಚುನಾವಣೆ ಸೋತವನು ಇನ್ನೊಬ್ಬನಿಲ್ಲ. ನಾನು ಒಂದು ಸಲವೂ ನಿಂತವನಲ್ಲ ಎನ್ನುವುದು ಬೇರೆ ಮಾತು.

ನಮ್ಮ ಓಟಿನ ಚೀಟಿಯಲ್ಲಿ ಪ್ರತಿ ಹುದ್ದೆಗೂ ಅಭ್ಯರ್ಥಿಗಳ ಹೆಸರು ಅಚ್ಚಾಗಿರುತ್ತದೆ, ಅದರ ಕೆಳಗೆ ಒಂದು ಖಾಲಿ ಗೆರೆ. ಅಚ್ಚಾದವರು ಹಿಡಿಸದಿದ್ದರೆ ಆ ಗೆರೆಯ ಮೇಲೆ ನಮಗೆ ಬೇಕಾದವರ ಹೆಸರು ಬರೆಯಬಹುದು, ಅದೂ ಓಟೇ. ಎಣಿಕೆ ಕೈಯಲ್ಲೇ, ಊರಿನ ಸಭಾಂಗಣದಲ್ಲೇ, ಎಲ್ಲರ ಎದುರಿಗೇ. ಹಾಗೆ ಬರೆದ ಹೆಸರು ಎಂಥದ್ದೇ ಇರಲಿ, ಒಂದೇ ಓಟು ಬಿದ್ದಿರಲಿ, ಅದನ್ನು ಗಟ್ಟಿಯಾಗಿ ಓದಲೇಬೇಕು. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ ಇದು.

ಹೀಗಾಗಿ ಪ್ರತಿ ನವೆಂಬರ್‌ನಲ್ಲೂ ಅಧ್ಯಕ್ಷ ಕ್ಲೇಟನ್ ಬೀಲ್ ವೇದಿಕೆಯ ಮೇಲೆ ನಿಂತು, ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದ: “ರಸ್ತೆ ಉಸ್ತುವಾರಿ. ರಾಸ್ಕೋ ವಿಗಿನ್ ಗೆದ್ದಿದ್ದಾನೆ. ಬರೆದ ಹೆಸರುಗಳು: ಮೆರಿಲ್ ಒಬಡಯಾ ಪ್ಲೇಸ್ಟೆಡ್, ಒಂದು.”

ಸಭಾಂಗಣ ಗೊಳ್ಳೆಂದು ನಗುತ್ತಿತ್ತು. ನನ್ನ ಕಿವಿ ಕೆಂಪಾಗುತ್ತಿತ್ತು.

ಒಬಡಯಾ ನನ್ನ ನಡುಹೆಸರು. ಅಮ್ಮ ತನ್ನ ತಾತನ ಮೇಲಿನ ಭಕ್ತಿಗೆ ಇಟ್ಟದ್ದು. ಶಾಲೆಯಲ್ಲಿ ಅದರ ದೆಸೆಯಿಂದ ಹುಡುಗರ ಕೈಲಿ ಪಟ್ಟ ಪಾಡು ಸಾಕಾಗಿ ನಾನದನ್ನು ಹೂತುಹಾಕಿಬಿಟ್ಟಿದ್ದೆ. ಮದುವೆಯ ದಿನ ಪಾದ್ರಿಯ ಮುಂದೆ ಕೂಡ ಬರೀ ಮೆರಿಲ್ ಅಂದಿದ್ದೆ. ಆದರೆ ಅಮ್ಮ ಸುಮ್ಮನಿರಬೇಕಲ್ಲ, ಸೊಸೆಯ ಕಿವಿಯಲ್ಲಿ ಊದಿದಳು. ಸೊಸೆ ಅದನ್ನು ಓಟಿನ ಚೀಟಿಯ ಮೇಲೆ ಬರೆದು ಇಡೀ ಊರಿಗೆ ಸಾರಿದಳು.

ಸೊಸೆ ಎಂದರೆ ನನ್ನ ಹೆಂಡತಿ, ಆರ್ಡಿಸ್.

ತಪ್ಪೆಲ್ಲ ರಾಸ್ಕೋದು. ಅವನು ನೋಡಿಕೊಳ್ಳುವ ರಸ್ತೆಯಲ್ಲಿ ವಸಂತ ಬಂತೆಂದರೆ ಗಾಡಿಯ ಚಕ್ರ ಅರ್ಧ ಮುಳುಗುವ ಗುಂಡಿ. ನಾನು ಬೆಳಗಿನ ಕಾಫಿಯ ಜೊತೆಗೆ ಅವನನ್ನೂ, ಅವನ ಜಲ್ಲಿಯನ್ನೂ, ಅವನ ಹಿಮ ತೆಗೆಯುವ ಲಾರಿಯನ್ನೂ ಬೈದು ಮುಗಿಸದೆ ತಿಂಡಿ ಮುಟ್ಟುತ್ತಿರಲಿಲ್ಲ. ಒಂದು ನವೆಂಬರ್ ಬೆಳಿಗ್ಗೆ ಆರ್ಡಿಸ್ ಬಾಣಲೆಯನ್ನು ಟಣ್ ಎಂದು ಇಟ್ಟು, “ಅಷ್ಟೆಲ್ಲಾ ಗೊತ್ತಿದ್ರೆ ನೀನೇ ಮಾಡು ಮಹಾರಾಯ” ಎಂದಳು. ಅವತ್ತು ಸಂಜೆಯೇ ಕ್ಲೇಟನ್ ಮೊದಲ ಸಲ ನನ್ನ ಹೆಸರು ಓದಿದ್ದು.

ಮನೆಗೆ ಬರುವಾಗ ಗಾಡಿಯಲ್ಲಿ ನಾನು ಕುದಿಯುತ್ತಿದ್ದೆ. “ಯಾವ ಬಡ್ಡೀಮಗ ಬರ್ದಿದ್ದು ಅದನ್ನ?”

ಅವಳು ಕಿಟಕಿಯಾಚೆ ನೋಡುತ್ತಾ, “ಗುಪ್ತ ಮತದಾನ ಕಣೋ. ಕೇಳೋದೇ ಅಪರಾಧ” ಎಂದಳು. ಅವಳ ಭುಜ ನಗುವಿಗೆ ಕುಲುಕುತ್ತಿತ್ತು. ಆಮೇಲೆ ವರ್ಷಾ ವರ್ಷಾ ಇದೇ ಹಾಡು. ಅವಳು ಒಂದು ಸಲವೂ ಒಪ್ಪಿಕೊಳ್ಳಲಿಲ್ಲ, ನಾನು ಒಂದು ಸಲವೂ ಕೇಳುವುದನ್ನು ಬಿಡಲಿಲ್ಲ.

ಎಂಥ ದಿನಗಳು ಅವು! ಚುನಾವಣೆಗೆ ಮುಂಚೆ ಮಾದರಿ ಚೀಟಿ ಮನೆಗೆ ಬಂದರೆ ಅಡುಗೆಮನೆಯಲ್ಲಿ ಯುದ್ಧ. ಅಭ್ಯರ್ಥಿಗಳ ಮಾತು ಬೇಗ ಮುಗಿಯುತ್ತಿತ್ತು, ಎಲ್ಲರೂ ಗೊತ್ತಿದ್ದವರೇ. ಜಗಳವೆಲ್ಲ ಚೀಟಿಯ ಕೊನೆಯಲ್ಲಿ ಬರುವ ಬೇಕು-ಬೇಡ ಪ್ರಶ್ನೆಗಳ ಮೇಲೆ. ಅಂಗಡಿಯ ಮುಂದೆ ಬೀದಿದೀಪ ಬೇಕೇ? ನಾಯಿಗಳನ್ನು ಕಟ್ಟಿಹಾಕಬೇಕೇ? ಭಾನುವಾರ ಬಿಯರ್ ಮಾರಾಟ ಬೇಕೇ? ನಾನು ಬೇಕು ಎಂದರೆ ಅವಳು ಬೇಡ. ನಾನು ಬೇಡ ಎಂದರೆ ಅವಳು ಬೇಕು.

“ನಿನ್ನ ಓಟು ನನ್ನದನ್ನ ಹೊಡೆದುಹಾಕತ್ತೆ, ನನ್ನದು ನಿನ್ನದನ್ನ. ಇಬ್ರೂ ಮನೇಲೇ ಇದ್ರೆ ಪೆಟ್ರೋಲಾದ್ರೂ ಉಳಿಯತ್ತೆ” ಎನ್ನುತ್ತಿದ್ದೆ.

“ನೀನು ಇರು. ನಾನು ಹೋಗ್ತೀನಿ” ಎಂದು ಅವಳು ಕೋಟು ಹಾಕಿಕೊಳ್ಳುತ್ತಿದ್ದಳು. ಬಿಡಲಾಗುತ್ತದೆಯೇ? ನಾನೂ ಹಿಂದೆಯೇ ಓಡುತ್ತಿದ್ದೆ. ಅವಳ ಕೈಯಲ್ಲಿ ಕುಂಬಳಕಾಯಿ ಹೂರಣದ ಪೈ, ನನ್ನ ಕೈಯಲ್ಲಿ ಬೆಲ್ಲದ ಪಾಕದಲ್ಲಿ ಬೇಯಿಸಿದ ಬೀನ್ಸ್ ಕಾಳಿನ ಮಡಕೆ. ಸಭಾಂಗಣದ ಸೌದೆ ಒಲೆ, ಒದ್ದೆ ಉಣ್ಣೆಯ ವಾಸನೆ, ದಾರ ಕಟ್ಟಿಟ್ಟ ಮೊಂಡು ಪೆನ್ಸಿಲು. ಈಗಲೂ ಕಣ್ಣು ಮುಚ್ಚಿದರೆ ಎಲ್ಲ ಹಾಗೇ ಇದೆ.

ಹೋದ ವರ್ಷ ಬೇಸಿಗೆಯಲ್ಲಿ ಆರ್ಡಿಸ್ ಹಾಸಿಗೆ ಹಿಡಿದಳು. ಡಾಕ್ಟರು ಸುತ್ತಿ ಬಳಸಿ ಹೇಳಿದ್ದನ್ನು ಅವಳು ನನಗೆ ನೇರವಾಗಿ ಹೇಳಿದಳು. ಸೆಪ್ಟೆಂಬರ್‌ನಲ್ಲಿ ಒಂದು ದಿನ ಸ್ವಲ್ಪ ಚೇತರಿಸಿಕೊಂಡವಳು, “ನನ್ನ ಜಾಗ ತೋರಿಸು ನಡಿ” ಎಂದಳು. ಸ್ಮಶಾನದಲ್ಲಿ ಕಲ್ಲುಗೋಡೆಯ ಪಕ್ಕ ನಮ್ಮಿಬ್ಬರಿಗೂ ತೆಗೆದಿಟ್ಟ ಜಾಗ. ಅಲ್ಲಿ ನೋಡಿದರೆ ಮೊಣಕಾಲುದ್ದ ಹುಲ್ಲು. ಹೆಗ್ಗಣದಂಥ ದಪ್ಪ ವುಡ್‌ಚಕ್‌ಗಳು ಬಿಲ ತೋಡಿ ಮಣ್ಣು ಎರಚಿದ್ದವು. ನಮ್ಮಮ್ಮನ ಕಲ್ಲು ಕುಡುಕನ ಹಾಗೆ ವಾಲಿತ್ತು. ನನಗೆ ಎಲ್ಲಿತ್ತೋ ಸಿಟ್ಟು.

“ಆ ಎಲ್‌ವುಡ್ ಪ್ರ್ಯಾಟ್‌ಗೆ ಸ್ಮಶಾನದ ಉಸ್ತುವಾರಿ ಅಂತ ಯಾರು ಹೆಸರಿಟ್ರು? ಕುಡುಗೋಲು ಹಿಡಿದು ಎಷ್ಟು ವರ್ಷ ಆಯ್ತೋ! ಇಲ್ಲಿ ತಂದು ನಿನ್ನ ಮಲಗಿಸಬೇಕಾ ನಾನು?”

ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಗೋಡೆಯ ಮೇಲೆ ಕೂತು ಬಿಸಿಲಿಗೆ ಮುಖ ಒಡ್ಡಿ, “ಎಲ್‌ವುಡ್‌ಗೆ ವಯಸ್ಸಾಯ್ತು ಪಾಪ, ಬಿಡ್ತಾನಂತೆ. ಅದಿರ್ಲಿ, ನಾನು ಹೋದ್ಮೇಲೆ ನೀನು ಒಲೆ ಮುಂದೆ ಕೂತು ಹೊಗೆ ಹಿಡಿಯೋ ಗಿರಾಕಿ. ನಂಗೆ ಅದೇ ಚಿಂತೆ” ಎಂದಳು.

“ನನ್ನ ಚಿಂತೆ ನಿಂಗೆ ಬೇಡ.”

“ಇನ್ಯಾರಿಗೆ ಬೇಕು ಹೇಳು?” ಎಂದಳು.

ಅಕ್ಟೋಬರ್‌ನಲ್ಲಿ ಊರಿನ ಕಚೇರಿಯ ಕ್ಲಾರ್ಕ್ ನಾರ್ಮಾ ಥರ್ಲೋ ಮನೆಗೇ ಅವಳ ಚೀಟಿ ತಂದುಕೊಟ್ಟಳು. ಕಾಯಿಲೆಯವರು ಮನೆಯಲ್ಲೇ ಓಟು ಹಾಕಿ, ಲಕೋಟೆ ಅಂಟಿಸಿ ಕಳಿಸಬಹುದು. ಆರ್ಡಿಸ್ ದಿಂಬಿಗೆ ಒರಗಿ ಪೆನ್ಸಿಲು ಕೈಗೆ ತೆಗೆದುಕೊಂಡು ನನ್ನನ್ನು ನೋಡಿದಳು.

“ನೀನು ಆಚೆ ಹೋಗು.”

“ನಾನು ನಿನ್ನ ಗಂಡ ಕಣೇ!”

“ಅದಕ್ಕೇ. ಗುಪ್ತ ಮತದಾನ. ಹೋಗು ಹೋಗು.”

ಬಾಗಿಲಾಚೆ ನಿಂತು ಅವಳ ಪೆನ್ಸಿಲಿನ ಸದ್ದು ಕೇಳಿದೆ. ಕೈ ನಡುಗುತ್ತಿದ್ದುದರಿಂದ ಬಹಳ ಹೊತ್ತು ಹಿಡಿಯಿತು. ಅಂಟಿಸಿದ ಲಕೋಟೆಯನ್ನು ನಾನೇ ಕೊಂಡೊಯ್ದು ಕಚೇರಿಯಲ್ಲಿ ಕೊಟ್ಟು ಬಂದೆ. ಆ ವಾರ ಕಳೆಯುವುದರೊಳಗೆ ಆರ್ಡಿಸ್ ಹೋಗಿಬಿಟ್ಟಳು.

ಚುನಾವಣೆಯ ದಿನ ನಾನು ಹೋಗಬಾರದು ಎಂದೇ ಇದ್ದೆ. ಪೈ ಇಲ್ಲದೆ, ಅವಳಿಲ್ಲದೆ ಆ ಸಭಾಂಗಣಕ್ಕೆ ಹೇಗೆ ಕಾಲಿಡುವುದು? ಆದರೆ ಅವಳ ಲಕೋಟೆ ಅಲ್ಲಿತ್ತು. ಅದರೊಳಗೆ ನನ್ನ ಹೆಸರಿತ್ತು. ಕ್ಲೇಟನ್ ಅದನ್ನು ಓದುತ್ತಾನೆ, ಊರು ನಗುತ್ತದೆ, ಇನ್ನೊಂದೇ ಒಂದು ಸಲ. ಅದನ್ನು ಕೇಳದೆ ಹೇಗಿರಲಿ? ಅದೂ ಅಲ್ಲದೆ ಈ ಸಲದ ಎರಡನೆಯ ಪ್ರಶ್ನೆ, ಓಟು ಎಣಿಸಲು ಯಂತ್ರ ಕೊಳ್ಳಬೇಕೇ ಎನ್ನುವುದು. ಯಂತ್ರ ಯಾರ ಹೆಸರನ್ನೂ ಗಟ್ಟಿಯಾಗಿ ಓದುವುದಿಲ್ಲ. ಬರೆದ ಹೆಸರುಗಳನ್ನೆಲ್ಲ ‘ಇತರೆ’ ಎಂದು ಒಟ್ಟು ಮಾಡಿ ಬಿಸಾಕುತ್ತದೆ. ನಾನು ‘ಬೇಡ’ ಎನ್ನುವುದರ ಮುಂದೆ ಪೆನ್ಸಿಲಿನ ಮೊನೆ ಮುರಿಯುವಂತೆ ಒತ್ತಿದೆ.

ಸಂಜೆ ಬಾಗಿಲು ಹಾಕಿದ ಮೇಲೆ ನಾರ್ಮಾ, ಕಾಯಿಲೆಯವರ ಮನೆಗಳಿಂದ ಬಂದಿದ್ದ ಲಕೋಟೆಗಳನ್ನು ಒಂದೊಂದಾಗಿ ಎತ್ತಿದಳು. ಪದ್ಧತಿಯಂತೆ ಮೊದಲು ಓಟು ಹಾಕಿದವರ ಹೆಸರು ಕೂಗಬೇಕು, ಆಕ್ಷೇಪಣೆ ಇಲ್ಲದಿದ್ದರೆ ಒಡೆಯಬೇಕು.

“ಆರ್ಡಿಸ್ ಪ್ಲೇಸ್ಟೆಡ್” ಎಂದಳು.

ಆಗ ಲೋರಿಂಗ್ ಕ್ರೋಕರ್ ಎದ್ದುನಿಂತ. ಲೋರಿಂಗ್ ಕೆಟ್ಟವನಲ್ಲ, ಆದರೆ ನಿಯಮ ಎಂದರೆ ಅವನಿಗೆ ಊಟಕ್ಕಿಂತ ಹೆಚ್ಚು.

“ಮೆರಿಲ್, ತಪ್ಪು ತಿಳ್ಕೋಬೇಡ. ಆರ್ಡಿಸ್ ಅಂದ್ರೆ ನಂಗೂ ಗೌರವನೇ. ಆದ್ರೆ ತೀರಿಕೊಂಡೋರ ಓಟು ಎಣಿಸೋ ಊರು ಅಂತ ನಾಳೆ ನಾಲ್ಕೂರು ನಗಬಾರದಲ್ಲ.”

ನಾನು ಎದ್ದೆ. “ಬದುಕಿದ್ದಾಗ ಬರ್ದಿದ್ದು ಅದು! ನಾನೇ ತಂದುಕೊಟ್ಟಿದ್ದು! ಅದನ್ನ ಕಸದ ಬುಟ್ಟಿಗೆ ಹಾಕಿದ್ರೆ ನೋಡು ಲೋರಿಂಗ್…”

ಹಿಂದಿನ ಸಾಲಿನಿಂದ ರಾಸ್ಕೋ ತನ್ನ ದೊಡ್ಡ ಹೊಟ್ಟೆ ಹೊತ್ತು ಎದ್ದ. “ಕೂತ್ಕೊಳಯ್ಯಾ ಲೋರಿಂಗ್. ಆ ಓಟು ಬೀಳೋದು ನನ್ನ ವಿರುದ್ಧ. ವರ್ಷಾ ವರ್ಷಾ ಬಿದ್ದಿದೆ. ನಂಗೇ ಇಲ್ಲದ ತಕರಾರು ನಿಂಗೇನು?”

ನಾರ್ಮಾ ಸಮಾಧಾನವಾಗಿ ಹೇಳಿದಳು. “ಲಕೋಟೆ ನನ್ನ ಕೈ ಸೇರಿದಾಗ ಆರ್ಡಿಸ್ ಬದುಕಿದ್ರು. ಆಮೇಲೆ ಏನಾದ್ರೂ ಓಟು ಓಟೇ. ನಮ್ಮ ರಾಜ್ಯದ ಕಾನೂನು ಲೋರಿಂಗ್, ಬೇಕಾದ್ರೆ ಓದಿ.”

ಲೋರಿಂಗ್ ನಿಜವಾಗಿಯೂ ಹೋಗಿ ಓದಿದ. ಓದಿ, “ಸರಿ. ಕಾನೂನು ಹಾಗಿದ್ರೆ ಹಾಗೇ” ಎಂದು ಕೂತ. ಲಕೋಟೆ ಒಡೆದು ಚೀಟಿಯನ್ನು ಮಡಿಸಿದಂತೆಯೇ ಉಳಿದ ಚೀಟಿಗಳ ಜೊತೆ ಬೆರೆಸಿದರು. ನನಗೆ ಉಸಿರು ಬಂತು.

ಎಣಿಕೆ ಮುಗಿದು ಕ್ಲೇಟನ್ ವೇದಿಕೆ ಹತ್ತಿದ. ಕನ್ನಡಕ ಸರಿಮಾಡಿಕೊಂಡ. “ರಸ್ತೆ ಉಸ್ತುವಾರಿ. ರಾಸ್ಕೋ ವಿಗಿನ್ ಗೆದ್ದಿದ್ದಾನೆ.”

ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಕಿವಿ ಆಗಲೇ ಬಿಸಿಯಾಗಿತ್ತು.

“ಬರೆದ ಹೆಸರುಗಳು: ಯಾವುದೂ ಇಲ್ಲ.”

ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿ, ನೋಡದವರಂತೆ ಮುಖ ತಿರುಗಿಸಿದರು. ಅವಳು ಮರೆತುಬಿಟ್ಟಳೇ? ನೋವಿನಲ್ಲಿ ನಾನು ಅವಳಿಗೆ ನೆನಪಾಗಲಿಲ್ಲವೇ? ಮೊದಲ ಪ್ರಶ್ನೆ ಏನಾಯಿತೋ ತಿಳಿಯಲಿಲ್ಲ. ಎರಡನೆಯದಕ್ಕೆ ‘ಬೇಕು’ ಗೆದ್ದಿತು. ಮುಂದಿನ ವರ್ಷದಿಂದ ಯಂತ್ರ. ಅದಕ್ಕೂ ನನಗೆ ಸಿಟ್ಟು ಬರಲಿಲ್ಲ. ಮನೆಗೆ ಹೋಗೋಣ ಎಂದು ಟೋಪಿ ಕೈಗೆ ತೆಗೆದುಕೊಂಡೆ.

“ಕೊನೇದು. ಸ್ಮಶಾನದ ಉಸ್ತುವಾರಿ” ಎಂದ ಕ್ಲೇಟನ್. “ಎಲ್‌ವುಡ್ ಬಿಟ್ಟಿದ್ದಾನೆ, ಬೇರೆ ಯಾರೂ ನಿಂತಿಲ್ಲ. ಬರೆದ ಹೆಸರುಗಳು: ಬಸ್ಟರ್, ಅಂದ್ರೆ ರಾಸ್ಕೋನ ನಾಯಿ, ಎರಡು.” ಕಿಸಕ್ಕೆಂದು ನಗು. ಕ್ಲೇಟನ್ ಮುಂದೆ ಓದಲು ಬಾಯಿ ತೆರೆದು, ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡ. “ಮೆರಿಲ್ ಒಬಡಯಾ ಪ್ಲೇಸ್ಟೆಡ್. ಒಂದು.”

ಟೋಪಿ ನನ್ನ ಕೈಯಿಂದ ಜಾರಿತು.

ಲೋರಿಂಗ್ ಮತ್ತೆ ಎದ್ದ. “ಅಧ್ಯಕ್ಷರೇ, ನಿಯಮ. ನಾಯಿ ಈ ಊರಿನ ನೋಂದಾಯಿತ ಮತದಾರ ಅಲ್ಲ. ಅದಕ್ಕೆ ಬಿದ್ದ ಎರಡೂ ಓಟು ರದ್ದು. ಒಂದು ಓಟಿನಿಂದ ಮೆರಿಲ್ ಪ್ಲೇಸ್ಟೆಡ್ ಗೆದ್ದಿದ್ದಾರೆ ಅಂತ ಘೋಷಣೆ ಮಾಡಬೇಕು.”

ನಾರ್ಮಾ ನನ್ನ ಹತ್ತಿರ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. “ಆವತ್ತು ಚೀಟಿ ಕೊಡೋಕೆ ಬಂದಿದ್ದೆನಲ್ಲ, ನೀವು ಕಾಫಿ ಕಾಸ್ತಾ ಇದ್ರಿ. ಆರ್ಡಿಸ್ ನನ್ನ ಕೇಳಿದ್ದು ಒಂದೇ. ಸ್ಮಶಾನಕ್ಕೆ ಯಾರಾದ್ರೂ ನಿಂತಿದ್ದಾರಾ ಅಂತ. ಯಾರೂ ಇಲ್ಲ ಅಂದೆ. ‘ಹಾಗಾದ್ರೆ ಒಂದು ಓಟು ಸಾಕು’ ಅಂದ್ರು.”

ನಾನು ಅತ್ತುಬಿಟ್ಟೆ. ಊರೆಲ್ಲ ನೋಡುತ್ತಿದ್ದರೂ ಮುಖ ಮುಚ್ಚಿಕೊಳ್ಳಲಿಲ್ಲ. ಎಂಥ ಹೆಂಗಸಪ್ಪಾ! ಹೋಗುವಾಗಲೂ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುವ ಏರ್ಪಾಡು ಮಾಡಿಯೇ ಹೋಗಿದ್ದಾಳೆ.

“ಒಪ್ಕೋತೀರಾ?” ಎಂದಳು ನಾರ್ಮಾ. “ಬೇಡ ಅಂದ್ರೂ ತಪ್ಪಿಲ್ಲ.”

“ಆ ವುಡ್‌ಚಕ್‌ಗಳನ್ನ ಇನ್ಯಾರು ಓಡಿಸ್ತಾರೆ?” ಎಂದೆ.

“ಆಗ್ಲಿ, ಈಗ ಗುಂಡಿ ಮುಚ್ಚೋ ಕೆಲ್ಸ ನಿಂದೂ ಆಯ್ತಲ್ಲ!” ರಾಸ್ಕೋ ಹಿಂದಿನಿಂದ ಕೂಗಿದ. “ಸರಿಯಾಗಿ ಮಾಡ್ಲಿಲ್ಲಾಂದ್ರೆ ನಾನೂ ಬೈತೀನಿ ಕಣಯ್ಯಾ!”

ಆಗ ಎಲ್ಲರೂ ನಕ್ಕರು, ಹಿಂದೆ ನಗುತ್ತಿದ್ದರಲ್ಲ, ಹಾಗೆಯೇ. ನಾನೂ ನಕ್ಕೆ.

ನಾರ್ಮಾ ಎದ್ದುನಿಂತು ನನ್ನನ್ನೂ ನಿಲ್ಲಿಸಿದಳು. “ಬಲಗೈ ಎತ್ತಿ. ನಾನು ಹೇಳಿದ ಹಾಗೆ ಹೇಳಿ. ಮೊದಲು ನಿಮ್ಮ ಹೆಸರು.”

ಕೈ ಎತ್ತಿದೆ. ಮದುವೆಯ ದಿನ ಪಾದ್ರಿಯ ಮುಂದೆ ಮುಚ್ಚಿಟ್ಟಿದ್ದನ್ನು ಈಗ ಹಿಂದಿನ ಸಾಲಿಗೂ ಕೇಳುವಂತೆ, ಗೋಡೆಯಾಚೆಗೂ ಕೇಳುವಂತೆ ಹೇಳಿದೆ.

“ನಾನು, ಮೆರಿಲ್ ಒಬಡಯಾ ಪ್ಲೇಸ್ಟೆಡ್.”