ಹ್ಯಾಂಡಲಿನ ಮೇಲೆ ಕೂತ ಕಣ್ಣು

ಅಗಡಿಯಿಂದ ಹಾವೇರಿಗೆ ಹೋಗುವಾಗ ಬೈಕಿನವನೊಬ್ಬ ಬೆನ್ನು ಹತ್ತುತ್ತಾನೆ ಎಂದು ಮನೆಯಲ್ಲಿ ಬಾಯಿ ಬಿಟ್ಟೆ. ಅದೇ ತಪ್ಪಾಯಿತು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಅಣ್ಣ ಸರ್ಫರಾಜ ಮರುದಿನವೇ ನನ್ನ ಸೈಕಲ್ಲಿನ ಹ್ಯಾಂಡಲಿಗೆ ವಿಡಿಯೋ ಕ್ಯಾಮೆರಾ ಬಿಗಿದ. ಬೆನ್ನು ಹತ್ತಿದವನು ಹಿಂದೆ, ಕ್ಯಾಮೆರಾ ಮುಂದೆ. ಇಂಥ ಬುದ್ಧಿ ನಮ್ಮ ಮನೆಯಲ್ಲೇ ಹುಟ್ಟಬೇಕು.

ಆವತ್ತಿನಿಂದ ಸಂಜೆ ಚಹಾದ ಜೊತೆ ಮನೆಮಂದಿಯೆಲ್ಲ ನನ್ನ ದಾರಿಯನ್ನು ಟೀವಿಯಲ್ಲಿ ನೋಡುತ್ತಾರೆ. ಎಲ್ಲಿ ಇಳಿದೆ, ಯಾಕೆ ನಿಂತೆ, ಎದುರಿಗೆ ಸಿಕ್ಕವನು ಯಾಕೆ ನಕ್ಕ, ಎಲ್ಲಕ್ಕೂ ಜವಾಬು ಕೊಡಬೇಕು. ಮೊಣಕಾಲು ನೋವಿನಿಂದ ಹೊಸ್ತಿಲು ದಾಟದ ಅಜ್ಜಿ ಕುಲ್ಸುಮಬಿಗೆ ಮಾತ್ರ ಭಾರೀ ಖುಷಿ. "ನಿಜಲಿಂಗಪ್ಪ ಮನಿಗೆ ಬಣ್ಣ ಹೊಡಿಸ್ಯಾನ ನೋಡ," ಎನ್ನುತ್ತಾಳೆ. ನನಗೆ ಉಸಿರು ಕಟ್ಟುತ್ತದೆ.

ಈ ನಡುವೆ ರಾಣೇಬೆನ್ನೂರಿನ ನರ್ಸಿಂಗ್ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿಗೆ ಸೇರುವುದು ಬೇಡವೆಂದು ಅಣ್ಣ ಮೊದಲೇ ಖಡಾಖಂಡಿತ ಹೇಳಿದ್ದ. ನಾನೇನು ಜೀವಮಾನವಿಡೀ ಹಾವೇರಿಯ ಝೆರಾಕ್ಸ್ ಅಂಗಡಿಯಲ್ಲಿ ಹಾಳೆ ತಿರುವಲು ಹುಟ್ಟಿದವಳಲ್ಲ. ಹಾವೇರಿಯದೇ ಅರಿವೆ ಅಂಗಡಿಯ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿಬರುವ ಗೆಳತಿ ಭುವನಾಳ ಕೈ ಹಿಡಿದೆ. ಊರ ಹೊರಗೆ ಅವಳು ನನ್ನ ಸೈಕಲ್ ಹತ್ತುವುದು, ನಾನು ಬಸ್ ಹತ್ತುವುದು. ಕ್ಯಾಮೆರಾಕ್ಕೆ ರಸ್ತೆ ಕಾಣುತ್ತದೆ, ಸೀಟಿನ ಮೇಲೆ ಕೂತವರು ಕಾಣುವುದಿಲ್ಲ.

ಸಂದರ್ಶನದಲ್ಲೇ ಸೀಟು ಸಿಕ್ಕಿತು. ಸೋಮವಾರದಿಂದ ಕ್ಲಾಸು. ದಿನಾ ಹೀಗೇ ಅದಲುಬದಲು ಮಾಡಿಕೊಳ್ಳೋಣ ಎಂದು ಭುವನಾ ಒಪ್ಪಿದಳು.

ಆವತ್ತು ಸಂಜೆಯೂ ಟೀವಿ ಹಚ್ಚಿದರು. ದುರಗವ್ವನ ಗುಡಿ ಬಂತು, ಚಿತ್ರ ಒಮ್ಮೆ ವಾಲಾಡಿತು. ದರ್ಗಾ ಬಂತು, ಮತ್ತೆ ವಾಲಾಡಿತು. ನನಗೆ ಆಗಲೇ ಹೊಳೆಯಿತು. ಭುವನಾ ಯಾವ ದೇವರನ್ನೂ ಹಾಗೇ ದಾಟುವವಳಲ್ಲ. ಗುಡಿಯಿರಲಿ, ದರ್ಗಾ ಇರಲಿ, ಒಂದು ಕೈ ಬಿಟ್ಟು ಎದೆ ಮುಟ್ಟಿಕೊಂಡೇ ಮುಂದೆ ಹೋಗುವುದು. ನಾನು ಮನಸ್ಸಿನಲ್ಲೇ ಸಲಾಂ ಹೇಳುವವಳು.

"ಹೀನಾ, ಇಲ್ಲಿ ಹ್ಯಾಂಡಲ್ ಯಾಕ ತಿರುಗ್ತು?" ಎಂದ ಅಣ್ಣ.

"ನಾಯಿ ಅಡ್ಡ ಬಂತು."

"ಗುಡಿ ಮುಂದೂ ನಾಯಿ, ದರ್ಗಾ ಮುಂದೂ ನಾಯಿ. ಬರೂಮುಂದನೂ ಅಲ್ಲೇ ನಾಯಿ. ಸೈಕಲ್ ಯಾರು ಹೊಡದ್ರು?"

ಹೆಸರು ಹೇಳಿದರೆ ಈಗಲೇ ಭುವನಾಳ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಎದ್ದೆ. ಅಣ್ಣ ಸ್ಕ್ರೂಡ್ರೈವರ್ ತಂದು ಕ್ಯಾಮೆರಾ ಬಿಚ್ಚಿ, ಸೀಟಿನ ಕಡೆ ತಿರುಗಿಸಿ ಬಿಗಿದ.

"ಅಕಿ ಮುಖ ಮನ್ಯಾಗ ಐತೆಲ್ಲೋ, ನನಗ ರಸ್ತಾ ಬೇಕು," ಎಂದು ಅಜ್ಜಿ ಗೊಣಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಊರು ದಾಟುವವರೆಗೆ ತಲೆ ತಗ್ಗಿಸಿಯೇ ಸೈಕಲ್ ಹೊಡೆದೆ. ಕ್ಯಾಮೆರಾ ನನ್ನನ್ನೇ ನೋಡುತ್ತಿತ್ತು. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅಣ್ಣನೆದುರು ನಾನು ಎಂದೂ ಪೂರಾ ಮಾತಾಡಿ ಮುಗಿಸಿದವಳಲ್ಲ, ನಡುವೆ ಅವನ ಬಾಯಿ ಬಂದೇ ಬರುತ್ತದೆ. ಇಲ್ಲಿ ಅಡ್ಡ ಬಾಯಿ ಹಾಕುವವರು ಯಾರೂ ಇರಲಿಲ್ಲ. ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿದೆ.

"ಅಣ್ಣಾ, ನಿನ್ನೆ ನಾ ರಾಣೇಬೆನ್ನೂರಿಗೆ ಹೋಗಿದ್ನಿ. ಸೀಟು ಸಿಕ್ಕೈತಿ. ಸೋಮವಾರದಿಂದ ನಾ ಹೋಗಾಕಿ. ಸೈಕಲ್ ಹೊಡದಾಕಿ ಹೆಸರು ಕೇಳಬ್ಯಾಡ, ನಾ ಹೇಳಂಗಿಲ್ಲ," ಎಂದು ಕ್ಯಾಮೆರಾಕ್ಕೆ ಹೇಳಿದೆ.

ಅದನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ. ಸಂಜೆ ಆ ಮನೆಗೇ ಹೋಗಬೇಕು, ಅವರ ಜೊತೆ ಕೂತು ಇದನ್ನು ನಾನೂ ನೋಡಬೇಕು.