ಕೂತು ಬೈಯಲು ಒಂದು ಜಾಗ

ಇನ್ನು ಕೆಲವೇ ತಿಂಗಳು ಎಂದು ವೈದ್ಯರು ಕೈಚೆಲ್ಲಿದ ಮೇಲೆ, ಇಡೀ ಬೀದಿಗೆ ಬ್ರೆಡ್ಡಜ್ಜನೆಂದೇ ಗೊತ್ತಿದ್ದ ಬೇಕರಿಯವನು ತನ್ನ ದಹನದ ಅರ್ಜಿಯನ್ನು ತಾನೇ ತುಂಬಿದ. ಹೆಂಡತಿಯ ಸಹಿಯೊಂದು ಬಾಕಿ ಇತ್ತು. ಅಜ್ಜಿ ಹಿಟ್ಟು ನಾದುತ್ತಿದ್ದ ಮೇಜಿನ ಮೇಲೆ ಅರ್ಜಿಯನ್ನಿಟ್ಟ.

"ಐವತ್ತು ವರ್ಷ ಒಲೆ ಮುಂದೆ ಬೆಂದಿದ್ದು ಸಾಲ್ಲಿಲ್ವೇನ್ರೀ?"

"ಬೆಂಕಿ ನಂಗೆ ಹಳೇ ನೆಂಟ ಕಣೇ. ಮಣ್ಣಿನ ಪರಿಚಯ ಇಲ್ಲ."

ಅಜ್ಜಿ ನಗಲಿಲ್ಲ. ಹೂಳಿದರೆ ವಾರಕ್ಕೊಮ್ಮೆ ಹೋಗಿ ಪಕ್ಕದಲ್ಲಿ ಕೂರಬಹುದೆಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದಳು. "ಸುಟ್ಬಿಟ್ರೆ ನಾನು ಎಲ್ಲಿ ಕೂತು ನಿಮ್ಮನ್ನ ಬೈಲಿ?"

ಅಜ್ಜ ತಬ್ಬಿಬ್ಬಾದ. ತಾನು ಹೋದ ಮೇಲೆ ನಡೆಸುವ ನೆನಪಿನ ಸಭೆಗೆ ಯಾರನ್ನು ಕರೆಯಬೇಕು, ಎಷ್ಟು ಬ್ರೆಡ್ಡು ಬೇಯಿಸಬೇಕು ಎಂದೆಲ್ಲ ಬರೆದಿಟ್ಟಿದ್ದವನಿಗೆ ಇದೊಂದು ಹೊಳೆದಿರಲಿಲ್ಲ.

"ಅಂಗಡಿ ಮುಂದೆ ಒಂದು ಬೆಂಚು ಹಾಕ್ಸೋಣ" ಎಂದ ಕೊನೆಗೆ. "ನಿನ್ನ ಮಂಡಿನೋವಿಗೂ ಹತ್ರ. ಸಭೆ ಬದ್ಲು ಅದೇ ಇರ್ಲಿ."

"ಸಭೆನೂ ಬೇಕು. ಸೀದ ಬ್ರೆಡ್ಡನ್ನೆಲ್ಲ ನನ್ನ ಕೈಲಿ ಮಾರಿಸ್ತಿದ್ರಲ್ಲ, ಅದನ್ನ ನಾಲ್ಕು ಜನರ ಮುಂದೆ ಹೇಳ್ಬೇಕು."

"ಸತ್ತವನ ಮಾನ ಕಳೀತೀಯೇನೇ?"

"ಬದುಕಿದ್ದಾಗ ಹೇಳಿದ್ರೆ ಕೇಳ್ತೀರಾ ನೀವು?" ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಬಡಗಿಗೆ ನಾಳೇನೇ ಹೇಳಿ. ನೀವಿರೋವಾಗ್ಲೇ ಅಲ್ಲಿ ಕೂತು ಅಭ್ಯಾಸ ಮಾಡ್ಕೋತೀನಿ."

"ಬೈಯೋದನ್ನಾ?"

"ಅದಕ್ಕೆ ಅಭ್ಯಾಸ ಬೇರೆ ಬೇಕಾ? ಕೂರೋದನ್ನ. ಇಬ್ರು ಕೂರೋಷ್ಟು ಉದ್ದ ಇರ್ಲಿ" ಎಂದು ಅಜ್ಜಿ ಅರ್ಜಿಯ ಮೇಲಿನ ಹಿಟ್ಟು ಕೊಡವಿ ಸಹಿ ಹಾಕಿದಳು.